ಹೊನ್ನಾಳಿ ರಸ್ತೆಯ ಎಡ ಮಗ್ಗುಲು

ನ್ಯಾಮತಿಯ ಶಿವಗಂಗಮ್ಮ ತಟ್ಟಿದ ಜೋಳದ ರೊಟ್ಟಿಗೆ ಹೊನ್ನಾಳಿಯ ಖಾನಾವಳಿಗಳಲ್ಲಿ ಒಂದು ಹೆಸರಿತ್ತು. ಗಂಡ ಇದ್ದಾಗಲೂ ಅಷ್ಟೆ, ಹೋದ ಮೇಲೂ ಅಷ್ಟೆ, ಬೆಳಗಾಗುವ ಮೊದಲೇ ಒಲೆ ಹೊತ್ತಿಸುವುದನ್ನು ಬಿಟ್ಟವಳಲ್ಲ. ಖಡಕ್ ರೊಟ್ಟಿಯನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ನಿಂತೇ ಹೋಗಿ ಕೊಟ್ಟು ಬರುತ್ತಿದ್ದಳು. ಯಾರ ಹಂಗಿಗೂ ಬೀಳದ, ನಾಲಗೆ ತುಸು ಖಾರವಾದ ಹೆಂಗಸು. ಅಂಥವಳ ಮನೆಗೆ ಸಮುದ್ರದಾಚೆಯ ಸೊಸೆ ಬಂದಳು.

ಮಗ ಸಿದ್ದಲಿಂಗೇಶ್ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ. ಅಲ್ಲೇ ಕೆಲಸಕ್ಕಿದ್ದ ಫಿಲಿಪೈನ್ಸ್ ದೇಶದ ಮಾರಿಸೆಲ್‌ಳನ್ನು ಮೆಚ್ಚಿ ಮದುವೆಯಾದ. ಅಪ್ಪ ತೀರಿಕೊಂಡ ಮೇಲೆ ಹೆಂಡತಿಯೊಂದಿಗೆ ಊರಿಗೇ ಬಂದು ನೆಲೆಸಿ, ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಕೆಲಸ ಹಿಡಿದ. ಅಲ್ಲೇ ಉಳಿದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಓಣಿಯವರು ಸೊಸೆಯ ಹೆಸರನ್ನು ಮೊಟಕು ಮಾಡಿ ‘ಮಾರಿ’ ಅಂದಾಗ ಶಿವಗಂಗಮ್ಮನಿಗೆ ಸರಿಬರಲಿಲ್ಲ. ಬೇರೆ ಅತ್ತೆಯರು ತಮ್ಮ ಸೊಸೆಯಂದಿರನ್ನು ಬೇಕಾದರೆ ಹಾಗೆ ಕರೆಯಲಿ ಎಂದುಕೊಂಡು, ದೀರ್ಘ ತೆಗೆದು ‘ಮರಿ’ ಅಂದಳು. ಅದೇ ಹೆಸರು ನಿಂತಿತು.

ಮರಿಗೆ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಬೈಕು ಮಾತ್ರ ನೀರು ಕುಡಿದಷ್ಟು ಸಲೀಸು. ತನ್ನೂರಿನಲ್ಲಿ ಹತ್ತೊಂಬತ್ತನೇ ವಯಸ್ಸಿಗೇ ಮೀನಿನ ಬುಟ್ಟಿ ಕಟ್ಟಿಕೊಂಡು ಸಂತೆಗೆ ಓಡಿಸಿದವಳು. ಅವಳ ದೇಶದ ಲೈಸೆನ್ಸ್ ಕಾರ್ಡಿತ್ತು. ಹೊರದೇಶದಲ್ಲಿ ಓಡಿಸಲೆಂದು ಅಲ್ಲಿಯವರೇ ಒಂದು ವರ್ಷದ ಮಟ್ಟಿಗೆ ಕೊಟ್ಟಿದ್ದ, ಸಣ್ಣ ಪುಸ್ತಕದಂಥ ಪರ್ಮಿಟ್ಟೂ ಇತ್ತು. ಮನೆಯಲ್ಲಿ ಗಂಡನ ಬೈಕು ಸುಮ್ಮನೆ ನಿಂತಿತ್ತು. ಅತ್ತೆ ಬುಟ್ಟಿ ಹೊತ್ತು ಬಸ್ಸಿಗೆ ಕಾಯುವುದನ್ನು ಕೆಲವು ದಿನ ನೋಡಿ, ಒಂದು ಬೆಳಿಗ್ಗೆ ಏನೂ ಹೇಳದೆ ಬುಟ್ಟಿಯನ್ನು ಬೈಕಿಗೆ ಕಟ್ಟಿಬಿಟ್ಟಳು.

ಶಿವಗಂಗಮ್ಮ ಮೊದಮೊದಲು ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದಳು. ಅದಕ್ಕೆ ಕಾರಣವೂ ಇತ್ತು. ಮರಿಯ ದೇಶದಲ್ಲಿ ಗಾಡಿಗಳು ಓಡುವುದು ರಸ್ತೆಯ ಬಲಗಡೆಗೆ. ಇಲ್ಲಿಗೆ ಬಂದ ಹೊಸತರಲ್ಲಿ ಒಮ್ಮೆ ಮನೆಯ ಸಂದಿಯಿಂದ ಹೊರಬಿದ್ದವಳು ನೇರ ಬಲಕ್ಕೇ ಹೋಗಿದ್ದಳು; ಎದುರು ಬಂದ ಹಾಲಿನ ವ್ಯಾನಿನವನು ಬ್ರೇಕು ಒತ್ತಿ ಬೈದಿದ್ದ. ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ಅದನ್ನು ನೋಡಿದ್ದರು. ಅಂದಿನಿಂದ ಪ್ರತಿ ತಿರುವಿನಲ್ಲೂ ಶಿವಗಂಗಮ್ಮ ಸೊಸೆಯ ಎಡ ಭುಜ ತಟ್ಟುವುದನ್ನು ರೂಢಿ ಮಾಡಿಕೊಂಡಳು. ನಾಲ್ಕೈದು ತಿಂಗಳಲ್ಲಿ ತಟ್ಟುವ ಅಗತ್ಯ ಉಳಿಯಲಿಲ್ಲ. ಆದರೆ ಊರಿನ ಬಾಯಲ್ಲಿ ಆ ಒಂದು ದಿನದ ಮಾತು ಉಳಿದುಕೊಂಡಿತು.

ಇಲ್ಲಿಯ ಲೈಸೆನ್ಸ್ ಮಾಡಿಸಬೇಕೆಂದು ಮರಿ ಗಂಡನಿಗೆ ಎರಡು ಮೂರು ಸಲ ಹೇಳಿದ್ದಳು. ಮಂಡಿಯಲ್ಲಿ ಅಡಿಕೆ ಸುಗ್ಗಿ ಜೋರಿತ್ತು. ಹೋಗೋಣ, ಹೋಗೋಣ ಎನ್ನುತ್ತಲೇ ಅವನು ದಿನ ನೂಕಿದ.

ಮೆಕ್ಕೆಜೋಳದ ಕಟಾವಿನ ಕಾಲ. ಅವತ್ತು ಬೆಳಿಗ್ಗೆ ಅತ್ತೆ ಸೊಸೆ ಹೊನ್ನಾಳಿಯ ದಾರಿ ಹಿಡಿದಿದ್ದರು. ಒಂದು ತಿರುವಿನಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರು ಎದುರಿನಿಂದ ಬಂತು. ಟ್ರೇಲರಿನ ಹಿಂದೆ ಧೂಳೋ ಧೂಳು. ಆ ಧೂಳಿನೊಳಗಿಂದ ಒಂದು ಬೈಕು ಟ್ರ್ಯಾಕ್ಟರನ್ನು ದಾಟಲು ಹೊರಬಿದ್ದು, ನೆಟ್ಟಗೆ ಇವರ ಮುಂದೆಯೇ ಬಂದುಬಿಟ್ಟಿತು. ಮರಿ ಎಡಕ್ಕೆ ಎಳೆದಳು. ರಸ್ತೆಯಂಚಿನ ಜಾಲಿಯ ಮುಳ್ಳು ಶಿವಗಂಗಮ್ಮನ ಕಾಲನ್ನು ಪರಚಿತು, ಒಂದು ಚಪ್ಪಲಿ ಕಳಚಿತು. ಇನ್ನೇನು ತಪ್ಪಿತು ಅನ್ನುವಷ್ಟರಲ್ಲಿ ಹ್ಯಾಂಡಲಿಗೆ ಹ್ಯಾಂಡಲು ತಗಲಿ ಎರಡೂ ಗಾಡಿ ಉರುಳಿದವು.

ಶಿವಗಂಗಮ್ಮ ಎದ್ದು ಕೂತಾಗ ರಸ್ತೆಯ ತುಂಬಾ ರೊಟ್ಟಿಯ ಚೂರು. ಟ್ರ್ಯಾಕ್ಟರು ಹೋಗಿಯೇಬಿಟ್ಟಿತ್ತು. ಗಲ್ಲದಿಂದ ರಕ್ತ ಸುರಿಯುತ್ತಿದ್ದರೂ ಮರಿ ಎದುರು ಗಾಡಿಯ ಹುಡುಗನ ಮೇಲೆ ಬಿದ್ದ ಬೈಕನ್ನು ಎತ್ತುತ್ತಿದ್ದಳು. ಅವನ ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟಗಾಗಿತ್ತು. ರೊಟ್ಟಿ ಸುತ್ತಿದ್ದ ಪಂಚೆಯನ್ನು ಹರಿದು, ಬುಟ್ಟಿಯ ದಬ್ಬೆ ಮುರಿದು, ಕಾಲು ಅಲುಗದಂತೆ ಮರಿ ಕಟ್ಟಿದಳು. ಹುಡುಗ ಜಗಳೂರಿನ ಕಡೆಯವನು, ಹೆಸರು ಮಾರುತೇಶ್. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದ. ಹಲ್ಲು ಕಚ್ಚಿಕೊಂಡು ಆಕಾಶ ನೋಡುತ್ತಿದ್ದ.

ಸುತ್ತಲಿನ ಹೊಲಗಳಿಂದ ಜನ ಓಡಿಬಂದರು. ಮೊದಲು ನೀರು ಕೊಟ್ಟರು, ಆಮೇಲೆ ಮಾತು ಶುರುವಾಯಿತು. ಗುಂಪಿನಲ್ಲಿ ಯಾರೋ ಸೊಸೆಯ ಗುರುತು ಹಿಡಿದು, ಇವರ ದೇಶದಲ್ಲಿ ಬಲಗಡೆ ಓಡಿಸುತ್ತಾರಂತೆ ಎಂದರು. ಅಷ್ಟು ಸಾಕಾಯಿತು. ಆಂಬುಲೆನ್ಸ್ ಬರುವುದರೊಳಗೆ ವಿದೇಶಿ ಹೆಂಗಸು ರಾಂಗ್ ಸೈಡಿನಲ್ಲಿ ಬಂದು ಹುಡುಗನ ಕಾಲು ಮುರಿದಳು ಎಂಬುದು ತೀರ್ಮಾನವೇ ಆಗಿಹೋಗಿತ್ತು. ಶಿವಗಂಗಮ್ಮ ಹಾಗಲ್ಲ ಎಂದು ಹೇಳಲು ಬಾಯಿ ತೆರೆದರೆ, ಸೊಸೆಯ ಪರ ಅತ್ತೆ ಮಾತಾಡದೆ ಇರುತ್ತಾಳೆಯೇ ಎಂದು ಒಬ್ಬ ನಕ್ಕ.

ಠಾಣೆಯಲ್ಲಿ ಇದ್ದದ್ದು ಹೆಂಗಸು ಸಬ್ ಇನ್‌ಸ್ಪೆಕ್ಟರ್, ಮಾತು ಕಡಿಮೆ. ಆಸ್ಪತ್ರೆಯಲ್ಲಿ ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮರಿಯ ಲೈಸೆನ್ಸ್ ಕೇಳಿದರು. ಮರಿ ಕಾರ್ಡನ್ನೂ ಪರ್ಮಿಟ್ಟನ್ನೂ ಮೇಜಿನ ಮೇಲಿಟ್ಟಳು. ಪುಟ ತಿರುವಿದ ಅವರ ಬೆರಳು ಒಂದು ಕಡೆ ನಿಂತಿತು. ವರ್ಷದ ಲೆಕ್ಕ ಮರಿ ಇಲ್ಲಿಗೆ ಬಂದಿಳಿದ ದಿನದಿಂದಲ್ಲ, ಪರ್ಮಿಟ್ಟು ಕೊಟ್ಟ ದಿನದಿಂದ. ಅದರ ವಾಯಿದೆ ಹಿಂದಿನ ವಾರವೇ ತೀರಿತ್ತು. ಅದನ್ನು ಬಿಡಿಸಿ ಹೇಳಿದಾಗ ಮರಿಯ ಮುಖ ಬಿಳಿಚಿತು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂಬುದು ಶಿವಗಂಗಮ್ಮನಿಗೆ ಆ ಮುಖ ನೋಡಿದ ಕೂಡಲೇ ತಿಳಿಯಿತು. ಆದರೆ ಠಾಣೆಯಲ್ಲಿ ಮುಖಕ್ಕೆ ಏನು ಬೆಲೆ?

ಹೇಳಿಕೆ ಬರೆಸುವ ಮೊದಲು ಮನೆಯವರು ಬರಲಿ ಎಂದು ಇಬ್ಬರನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಶಿವಗಂಗಮ್ಮನ ಮೈದುನ ಷಣ್ಮುಖಪ್ಪ ಸುದ್ದಿ ಕೇಳಿ ಬಂದವನು ಜಪ್ತಿ ಮಾಡಿ ನಿಲ್ಲಿಸಿದ್ದ ಗಾಡಿಗಳ ಮರೆಗೆ ಅತ್ತಿಗೆಯನ್ನು ಕರೆದ. ಕೆಟ್ಟವನಲ್ಲ, ಮನೆಯ ಕಷ್ಟಕ್ಕೆ ಮೊದಲು ಓಡಿಬರುವವನು. ಲೋಕ ಕಂಡವನಂತೆ ತಗ್ಗಿದ ದನಿಯಲ್ಲಿ ಮಾತಾಡಿದ.

“ಅತ್ತಿಗೆಮ್ಮ, ಗಾಡಿ ಓಡಿಸ್ತಿದ್ದಿದ್ದು ಸಿದ್ದಲಿಂಗೇಶ ಅಂತ ಹೇಳಿಬಿಡ್ರಿ. ಅವನ ಹತ್ರ ಲೈಸೆನ್ಸ್ ಐತೆ. ಈಕೆ ಅಂದ್ರೆ ಕೇಸು ದೊಡ್ಡದಾಗ್ತೈತೆ. ವೀಸಾ ಕಿತ್ತುಕೊಂಡು ಊರಿಗೆ ಕಳಿಸಿಬಿಟ್ರೆ ಏನ್ ಮಾಡ್ತೀರಿ?”

ಊರಿಗೆ ಕಳಿಸುವ ಮಾತು ಶಿವಗಂಗಮ್ಮನ ಎದೆಗೆ ನಾಟಿತು. ಬೆಂಚಿನ ಕಡೆ ನೋಡಿದಳು. ಮರಿ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಜನ ನೋಡಿದ್ದು ಬಿದ್ದ ಮೇಲಿನದನ್ನು. ಸಿದ್ದಲಿಂಗೇಶ್ ಅಲ್ಲಿದ್ದು, ಜನ ಬರುವ ಮೊದಲೇ ಆಸ್ಪತ್ರೆಗೆ ಗಾಡಿ ತರಲು ಹೋದ ಎಂದರೆ ಒಬ್ಬಿಬ್ಬರು ಬಿಟ್ಟು ಉಳಿದವರು ತಲೆಯಾಡಿಸಿಯಾರು. ಒಂದು ಸುಳ್ಳು. ಅದರಿಂದ ಸೊಸೆ ಉಳಿಯುವುದಾದರೆ? ಚನ್ನಗಿರಿಯಿಂದ ಹೊರಟ ಮಗನಂತೂ ಫೋನಿನಲ್ಲೇ ಒಪ್ಪಿದ್ದ. ತಪ್ಪು ತನ್ನದೇ, ಲೈಸೆನ್ಸಿನ ಕೆಲಸ ಮುಂದಕ್ಕೆ ಹಾಕಿದವನು ತಾನೇ, ತಲೆಯ ಮೇಲೆ ಹೊತ್ತುಕೊಳ್ಳುತ್ತೇನೆ ಎಂದಿದ್ದ.

ಅವಳು ಬಂದು ಸೊಸೆಯ ಪಕ್ಕ ಕೂತು, ಷಣ್ಮುಖಪ್ಪನ ಮಾತನ್ನು ಮೆಲ್ಲಗೆ ಹೇಳಿದಳು. ಮರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆಯಾಡಿಸಲಿಲ್ಲ, ಅಳಲೂ ಇಲ್ಲ.

“ಅತ್ತೆ, ನಾನು ಎಡಕ್ಕೆ ಇದ್ದೆ,” ಅಂದಳು. “ನೀವು ನೋಡಿದ್ರಿ?”

ಆ ಪ್ರಶ್ನೆ ಶಿವಗಂಗಮ್ಮನನ್ನು ಹಿಡಿದು ನಿಲ್ಲಿಸಿತು. ಮಗ ಬಂದವನೇ ಒಳಗೆ ನುಗ್ಗಲು ನೋಡಿದಾಗ ರಟ್ಟೆ ಹಿಡಿದು ತಡೆದಳು.

“ಆಕೆನ್ನ ಮುಚ್ಚಿಟ್ಟು ನೀನು ಓಡಿಸಿದ್ದು ಅಂತ ಹೇಳಿದ್ರೆ, ಆಕೆ ಬಲಕ್ಕೆ ಹೋಗಿದ್ಲು ಅಂತ ನಾವೇ ಒಪ್ಪಿದಂಗೆ ಆಗ್ತೈತಪ್ಪ,” ಅಂದಳು. “ಕಾಲು ಮುರಿದ ಕಳಂಕ ಹೊತ್ಕೊಂಡು ಈ ಊರಾಗೆ ಹೆಂಗೆ ಬಾಳ್ತಾಳೆ?”

ಷಣ್ಮುಖಪ್ಪ ಮುಖ ತಿರುಗಿಸಿದ. ಆಮೇಲೆ ಏನಾದರೂ ಆದರೆ ತನ್ನನ್ನು ಕೇಳಬಾರದು ಎಂದ. ಶಿವಗಂಗಮ್ಮ ಒಂದೇ ಚಪ್ಪಲಿಯ ಕಾಲಿನಲ್ಲಿ ಒಳಗೆ ಹೋದಳು. ಗಾಡಿ ಓಡಿಸಿದ್ದು ತನ್ನ ಸೊಸೆಯೇ, ಹಿಂದೆ ಕೂತಿದ್ದು ತಾನು, ಪರ್ಮಿಟ್ಟಿನ ವಾಯಿದೆ ತೀರಿದ್ದು ಮನೆಯವರ ತಪ್ಪು, ಅದಕ್ಕೆ ಕಾನೂನು ಏನು ಹೇಳುತ್ತದೋ ಅದಕ್ಕೆ ಬದ್ಧ ಎಂದು ನಿಂತೇ ಹೇಳಿದಳು. ಆಮೇಲೆ ಸೀರೆಯ ನಿರಿಗೆಯನ್ನು ಗೇಣುದ್ದ ಎತ್ತಿ ಕಾಲು ತೋರಿಸಿದಳು. ಹಿಮ್ಮಡಿಯಿಂದ ಮೇಲಕ್ಕೆ ಮುಳ್ಳು ಗೀರಿದ ಗೆರೆಗಳು ಕಪ್ಪಗೆ ಒಣಗಿದ್ದವು.

“ಹೆಂಗಸರು ಕಾಲು ಎಡಕ್ಕೆ ಇಳಿಬಿಟ್ಟು ಕೂರ್ತೀವಿ ಮೇಡಂ. ಎಡಗಡೆ ಜಾಲಿ ಪರಚಿದ್ದು ಇದು. ಬೀಳೋಕೆ ಮುಂಚೆನೇ ಪರಚಿತು. ಚಪ್ಪಲಿ ಅಲ್ಲೇ ಬಿದ್ದಿರಬೇಕು, ನೋಡ್ರಿ.”

ಸಬ್ ಇನ್‌ಸ್ಪೆಕ್ಟರ್ ಆ ಕಾಲನ್ನು ಒಂದಷ್ಟು ಹೊತ್ತು ನೋಡಿ, ಟೋಪಿ ಎತ್ತಿಕೊಂಡು ಜೀಪು ಹತ್ತಿದರು. ತಿರುವಿನಲ್ಲಿ ಇಳಿದು ರಸ್ತೆಯಂಚಿನ ಮಣ್ಣಿನ ಮೇಲಿನ ಚಕ್ರದ ಗುರುತುಗಳ ಫೋಟೊ ತೆಗೆಸಿದರು. ಚಪ್ಪಲಿ ಎಡ ಮಗ್ಗುಲಿನ ಜಾಲಿಯೊಳಗೆ, ಗಾಡಿ ಬಿದ್ದ ಜಾಗಕ್ಕಿಂತ ಹಿಂದಕ್ಕೆ ಸಿಕ್ಕಿತು. ಆದರೂ ಅವರು ಆಸೆ ಹುಟ್ಟಿಸಲಿಲ್ಲ. ಇದರಿಂದ ಅರ್ಧ ಮಾತ್ರ ಗೊತ್ತಾಗುತ್ತದೆ, ಆ ಹುಡುಗ ಏನು ಹೇಳುತ್ತಾನೋ ನೋಡಬೇಕು ಎಂದರು. ವೀಸಾದ ಮಾತು ಬಂದಾಗ ಮಾತ್ರ ಸ್ವಲ್ಪ ಮೆದುವಾದರು. ಸುಳ್ಳು ಹೇಳಿಕೆ ಕೊಟ್ಟಿದ್ದರೆ ಮಾತು ಬೇರೆ ಇತ್ತು, ದಂಡ ಕಟ್ಟಿದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ, ಹೆದರಬೇಕಿಲ್ಲ ಎಂದರು.

ಹುಡುಗನಿಗೆ ಕಾಲಿನ ಆಪರೇಷನ್ ನಡೆದಿತ್ತು. ಹೇಳಿಕೆ ಮಾರನೆಯ ದಿನಕ್ಕೆ ಹೋಯಿತು. ಸಂಜೆ ಶಿವಗಂಗಮ್ಮ ಆಸ್ಪತ್ರೆಗೆ ಹೊರಟಾಗ ಷಣ್ಮುಖಪ್ಪ ಬೇಡವೆಂದ. ಆ ಕಡೆಯವರು ಮೈಮೇಲೆ ಬಿದ್ದರೆ ಯಾರು ಹೊಣೆ ಎಂದ. ಅವಳು ಕೇಳಲಿಲ್ಲ. ವಾರ್ಡಿನ ಹೊರಗೆ ಹುಡುಗನ ತಾಯಿ ಗಾದ್ರಮ್ಮ ಗೋಡೆಗೊರಗಿ ಕೂತಿದ್ದಳು. ಜಗಳೂರಿನಿಂದ ಬಸ್ಸು ಬದಲಿಸಿ ಬಂದಿದ್ದಳು. ಸೆರಗಿನಲ್ಲಿ ಇನ್ನೂ ಕುರಿ ಹಟ್ಟಿಯ ವಾಸನೆ. ಜೊತೆಗೆ ಬಂದಿದ್ದ ಇಬ್ಬರು ಗಂಡಸರು ಎದ್ದು ನಿಂತರು. ಇವಳೇ ಆ ಅತ್ತೆ ಎಂದು ಒಬ್ಬ ಹೇಳಿದ.

“ಕಾಲು ಕಟ್ಟಿದ್ದು ಯಾರು?” ಎಂದು ಗಾದ್ರಮ್ಮ ಕೂತಲ್ಲಿಂದಲೇ ಕೇಳಿದಳು.

ತನ್ನ ಸೊಸೆ ಎಂದಳು ಶಿವಗಂಗಮ್ಮ. ಕಟ್ಟದೆ ಹಾಗೇ ಎತ್ತಿದ್ದರೆ ಎಲುಬು ಇನ್ನೂ ಕೆಡುತ್ತಿತ್ತು ಎಂದು ಡಾಕ್ಟರು ಹೇಳಿದ್ದರಂತೆ. ಗಾದ್ರಮ್ಮ ಹೇಳಿದ್ದು ಅಷ್ಟೆ. ಕ್ಷಮಿಸಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಶಿವಗಂಗಮ್ಮ ತಂದಿದ್ದ ಬುತ್ತಿಯನ್ನು ಅವಳ ಪಕ್ಕ ಇಟ್ಟಳು. ಗಾದ್ರಮ್ಮ ಅದನ್ನು ಮುಟ್ಟಲೂ ಇಲ್ಲ, ದೂರ ಸರಿಸಲೂ ಇಲ್ಲ. ಮನೆಗೆ ಬಂದರೆ ಒಲೆ ಹೊತ್ತಿರಲಿಲ್ಲ. ಮರಿ ತನ್ನ ಬಟ್ಟೆಗಳನ್ನು ಮಡಚಿ ಹಾಸಿಗೆಯ ಮೇಲಿಟ್ಟಿದ್ದಳು. ಶಿವಗಂಗಮ್ಮ ಒಂದೊಂದಾಗಿ ತೆಗೆದು ಮತ್ತೆ ಗೂಟಕ್ಕೆ ನೇತುಹಾಕಿದಳು.

ಮಾರನೆಯ ಮಧ್ಯಾಹ್ನ ಠಾಣೆಯಿಂದ ಕರೆ ಬಂತು. ಮೂವರೂ ಹೋದರು. ಸಬ್ ಇನ್‌ಸ್ಪೆಕ್ಟರ್ ಸುತ್ತುಬಳಸದೆ ವಿಷಯ ಹೇಳಿದರು. ಮಾರುತೇಶ್ ಮೊದಲು ತನಗೇನೂ ನೆನಪಿಲ್ಲ ಎಂದಿದ್ದ. ಜೊತೆಯವರು ಪಕ್ಕದಿಂದ ಹೇಳಿಕೊಡಲು ನೋಡಿದಾಗ ಅವನ ತಾಯಿ ಅವರನ್ನು ಹೊರಗೆ ಕಳಿಸಿದಳಂತೆ. ಆಮೇಲೆ ಮಗ ಗೋಡೆಯ ಕಡೆ ಮುಖ ಮಾಡಿ ಹೇಳಿದ್ದ: ಟ್ರ್ಯಾಕ್ಟರಿನ ಧೂಳಿಗೆ ಬೇಸತ್ತು, ಮುಂದೆ ಕಾಣದಿದ್ದರೂ ದಾಟಲು ಹೋದೆ, ಆ ಅಕ್ಕ ತನ್ನ ಬದಿಯಲ್ಲೇ ಇದ್ದಳು.

ಶಿವಗಂಗಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. ಮರಿಗೆ ಗಂಡ ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದಾಗ, ಹಿಂದಿನ ದಿನದಿಂದ ತಡೆದಿದ್ದದ್ದೆಲ್ಲ ಒಮ್ಮೆಲೇ ಒಡೆದು, ಅವಳು ಠಾಣೆಯಲ್ಲೇ ಅತ್ತೆಯ ಹೆಗಲಿಗೆ ಮುಖವಿಟ್ಟು ಅತ್ತಳು.

ವಾಯಿದೆ ತೀರಿದ ಪರ್ಮಿಟ್ಟಿನಲ್ಲಿ ಓಡಿಸಿದ್ದಕ್ಕೆ ಅವಳಿಗೂ, ಗಾಡಿ ಕೊಟ್ಟಿದ್ದಕ್ಕೆ ಸಿದ್ದಲಿಂಗೇಶನಿಗೂ ಕೋರ್ಟಿನಲ್ಲಿ ದಂಡವಾಯಿತು. ಅದರಲ್ಲಿ ರಿಯಾಯಿತಿ ಏನೂ ಸಿಗಲಿಲ್ಲ. ಮಾರುತೇಶನ ಮೇಲೂ ಕೇಸಾಯಿತು. ಅವನು ಊರುಗೋಲು ಹಿಡಿದು ಜಗಳೂರಿಗೆ ಹೋಗುವ ದಿನ ಗಾದ್ರಮ್ಮ ತೊಳೆದ ಬುತ್ತಿ ಪಾತ್ರೆಯಲ್ಲಿ ಶೇಂಗಾ ತುಂಬಿ, ಖಾನಾವಳಿಯವರ ಕೈಯಲ್ಲಿ ಕೊಟ್ಟುಹೋಗಿದ್ದಳು. ಊರಿನಲ್ಲಿ ಕೆಲವರು ಮಾತು ಬದಲಿಸಿದರು, ಕೆಲವರು ಬದಲಿಸಲಿಲ್ಲ. ಷಣ್ಮುಖಪ್ಪ ಬಹಳ ದಿನ ಆ ಕಡೆ ಸುಳಿಯಲೇ ಇಲ್ಲ.

ಇಲ್ಲಿಯ ಲೈಸೆನ್ಸ್ ಕೈಗೆ ಬರುವವರೆಗೆ ಬೈಕಿಗೆ ಗೋಣಿತಾಟು ಹೊದಿಸಿದರು. ಶಿವಗಂಗಮ್ಮ ಮತ್ತೆ ಬಸ್ಸು ಹತ್ತಿದಳು. ಈಗ ಬುಟ್ಟಿ ಹಿಡಿಯಲು ಸೊಸೆ ಜೊತೆಗಿದ್ದಳು. ಕಲಿಯುವವರಿಗೆ ಕೊಡುವ ಎಲ್ಎಲ್ಆರ್ ಆಯಿತು, ಕಾಯಬೇಕಾದ ದಿನ ಕಾದರು. ದಾವಣಗೆರೆಯಲ್ಲಿ ಟೆಸ್ಟು. ಎಂಟರ ಆಕಾರದ ಹಾದಿಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಸುತ್ತಬೇಕು. ಮರಿಯ ಮುಂದಿದ್ದ ಇಬ್ಬರು ಕಾಲೂರಿ ಸೋತರು. ಶಿವಗಂಗಮ್ಮ ತಂತಿಬೇಲಿಯ ಈಚೆ ನಿಂತು ನೋಡುತ್ತಿದ್ದಳು. ಮರಿ ಕಾಲೂರದೆ ಎರಡು ಸುತ್ತು ಮುಗಿಸಿ, ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದಳು.

ಲೈಸೆನ್ಸ್ ಮನೆಗೆ ಬಂದ ಮೇಲೆ ಮೊದಲ ಸಲ ರೊಟ್ಟಿ ಕಟ್ಟಿಕೊಂಡು ಹೊರಟ ಬೆಳಿಗ್ಗೆ, ಆ ತಿರುವು ಬರುವ ಮೊದಲೇ ಗಾಡಿ ನಿಧಾನವಾಗಿ ನಿಂತುಬಿಟ್ಟಿತು. ಮರಿ ಮುಂದಿನ ತಿರುವನ್ನೇ ನೋಡುತ್ತಾ ಕೂತಳು. ಹೋಗೋಣ ಎಂದು ಶಿವಗಂಗಮ್ಮ ಅವಸರಿಸಲಿಲ್ಲ. ಇಳಿದು, ಬುಟ್ಟಿಯ ಹಗ್ಗ ಬಿಗಿ ಮಾಡಿ, ಹ್ಯಾಂಡಲಿನ ಒಂದು ಕಡೆ ಕೈಯಿಟ್ಟಳು. ಇಬ್ಬರೂ ಗಾಡಿಯನ್ನು ತಳ್ಳಿಕೊಂಡೇ ಆ ತಿರುವು ದಾಟಿದರು. ಮುಂದೆ ರಸ್ತೆ ನೇರವಾಗಿತ್ತು. ಮರಿ ಗಾಡಿ ಸ್ಟಾರ್ಟ್ ಮಾಡಿದಳು.