ಮುನಿವೆಂಕಟಪ್ಪನ ಜೇಬಿನ ಚಾಕು

೨೦೨೨ರಲ್ಲಿ ನಾನು ಹೊಸೂರಿನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಚ್.ಆರ್. ವಿಭಾಗದ ಡೆಪ್ಯುಟಿ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ಹುಟ್ಟಿದ್ದು ಮಾಲೂರಿನ ಹತ್ತಿರದ ಹಳ್ಳಿಯಲ್ಲಿ, ಮದುವೆಯಾಗಿ ಹೊಸೂರಿಗೆ ಬಂದವಳು. ಹೀಗಾಗಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಕೇಳಿ, ಮೂರರಲ್ಲೂ ಸಮಾಧಾನ ಹೇಳಿ ಅಭ್ಯಾಸವಾಗಿತ್ತು. ಆ ಕಾರಣಕ್ಕೇ ಕಾರ್ಖಾನೆಯ ಡೊಮೆಸ್ಟಿಕ್ ಎನ್‌ಕ್ವೈರಿಗಳು ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಿದ್ದವು.

ಹಾಗೆಂದರೇನು ಎಂದು ಹೇಳಿಬಿಡುತ್ತೇನೆ. ಕಾಯಂ ಕಾರ್ಮಿಕನ ಮೇಲೆ ಗಂಭೀರ ದೂರು ಬಂದರೆ ಆಡಳಿತದವರು ಅವನನ್ನು ನೇರವಾಗಿ ಮನೆಗೆ ಕಳಿಸುವಂತಿಲ್ಲ. ಮೊದಲು ಆರೋಪಗಳನ್ನು ಬರೆದು ಚಾರ್ಜ್‌ಶೀಟ್ ಕೊಡಬೇಕು. ಆಮೇಲೆ ಒಬ್ಬ ಎನ್‌ಕ್ವೈರಿ ಆಫೀಸರ್ ಕೂತು, ಸಾಕ್ಷಿಗಳ ಮಾತನ್ನೂ ಆರೋಪಿಯ ಮಾತನ್ನೂ ಕೇಳಿ, ಬರೆದು, ಪ್ರತಿ ಪುಟಕ್ಕೂ ಸಹಿ ಹಾಕಿಸಿ, ಆರೋಪ ರುಜುವಾತಾಗಿದೆಯೋ ಇಲ್ಲವೋ ಎಂದು ವರದಿ ಕೊಡಬೇಕು. ಶಿಕ್ಷೆ ಏನಿರಬೇಕೆಂದು ಹೇಳುವುದು ಎನ್‌ಕ್ವೈರಿ ಆಫೀಸರ್‌ನ ಕೆಲಸವಲ್ಲ. ಈ ಕೊನೆಯ ನಿಯಮದ ಹಿಂದೆ ನಾನು ಎಷ್ಟೋ ಸಲ ಅವಿತುಕೊಂಡಿದ್ದೇನೆ.

ಮುನಿವೆಂಕಟಪ್ಪ ಉದ್ದನಪಲ್ಲಿ ಕಡೆಯವನು. ವಯಸ್ಸು ನಲವತ್ತೇಳು, ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಹದಿನಾರು ವರ್ಷದ ಸರ್ವಿಸ್. ಹೊಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹೆಂಡತಿ, ಮಗಳ ಜೊತೆ ಇದ್ದ. ಅವನ ತಂದೆ ಮಾವಿನ ಕಸಿ ಕಟ್ಟುವುದರಲ್ಲಿ ಹೆಸರಾದವರಂತೆ. ಮಗನೂ ಆ ಕೆಲಸ ಕಲಿತಿದ್ದ. ಮಳೆಗಾಲದ ಭಾನುವಾರಗಳಲ್ಲಿ ನರ್ಸರಿಗಳಿಗೆ ಹೋಗಿ ಕಸಿ ಕಟ್ಟಿ ಬರುತ್ತಿದ್ದ. ತಂದೆ ಕೊಟ್ಟ ಚಾಕು ಯಾವಾಗಲೂ ಅವನ ಪ್ಯಾಂಟಿನ ಬಲಗಡೆ ಜೇಬಿನಲ್ಲಿರುತ್ತಿತ್ತು. ಮಡಚುವ ಚಾಕು. ಕೊಂಬಿನ ಹಿಡಿ, ಎರಡೂವರೆ ಇಂಚಿನ ಅಲಗು. ಸಾಣೆ ಹಿಡಿದು ಹಿಡಿದು ಅಲಗು ಸವೆದು ತೆಳ್ಳಗಾಗಿತ್ತು.

ಆ ಚಾಕು ಸೆಕ್ಷನ್ನಿಗೆಲ್ಲ ಗೊತ್ತಿತ್ತು. ಪ್ಯಾಕಿಂಗ್ ಪಟ್ಟಿ ಕತ್ತರಿಸಲು ಕಂಪನಿ ಕೊಟ್ಟಿದ್ದ ಸೇಫ್ಟಿ ಕಟರ್‌ಗಳ ಬ್ಲೇಡು ವಾರಕ್ಕೊಮ್ಮೆ ಮುರಿಯುತ್ತಿತ್ತು. "ಮುನೆಂಕಟಣ್ಣ, ಒಸಿ ಚಾಕು ಕೊಡು" ಎನ್ನುವುದು ಅಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತು. ಸೂಪರ್‌ವೈಸರ್ ಸೆಲ್ವಂ ಕೂಡ ಕೇಳಿ ಪಡೆದವನೇ. ಒಮ್ಮೆ ಸ್ಟಾಕ್ ನೋಡಲು ಹೋದಾಗ ನನ್ನ ಚಪ್ಪಲಿಯ ಬಾರು ಕಿತ್ತುಬಂದಿತ್ತು. ಅದರ ಎಳೆಯನ್ನು ಕತ್ತರಿಸಿ ಗಂಟು ಹಾಕಿಕೊಟ್ಟವನು ಮುನಿವೆಂಕಟಪ್ಪನೇ. ಅವತ್ತು ಅವನ ಕೈಯಲ್ಲಿದ್ದದ್ದು ಆಯುಧ ಎಂದು ನನಗೆ ಹೊಳೆದಿರಲಿಲ್ಲ.

ಆ ವರ್ಷ ಆಷಾಢದ ಹೊತ್ತಿಗೆ ಬೇರೆ ಯಾವುದೋ ಊರಿನಲ್ಲಿ ನಡುರಸ್ತೆಯಲ್ಲಿ ಒಬ್ಬ ಇನ್ನೊಬ್ಬನಿಗೆ ಇರಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಕ್ಯಾಂಟೀನಿನಲ್ಲಿ ಜನ ಅದನ್ನೇ ನೋಡುತ್ತಾ ಊಟ ಮಾಡುತ್ತಿದ್ದರು. ಅದಾದ ಒಂದು ವಾರಕ್ಕೆ ನಮ್ಮ ಕಂಪನಿ ಬಸ್ಸಿನಲ್ಲಿ ಒಂದು ಜಗಳ ನಡೆಯಿತು.

ಮೊದಲ ಶಿಫ್ಟ್ ಮುಗಿದು ಮಧ್ಯಾಹ್ನ ಬಸ್ ಹೊರಡುವ ಹೊತ್ತು. ಮುನಿವೆಂಕಟಪ್ಪ ಸೀಬೆಹಣ್ಣು ಹೆಚ್ಚಿ ಪಕ್ಕದವರಿಗೆ ಹಂಚುತ್ತಿದ್ದ. ಸೆಲ್ವಂ ಬಸ್ ಹತ್ತಿದವನೇ, ಬರುವ ಭಾನುವಾರ ಓವರ್‌ಟೈಮ್‌ಗೆ ಬರಲೇಬೇಕು ಎಂದ. ನರ್ಸರಿಗೆ ಮಾತು ಕೊಟ್ಟಿದ್ದ ಮುನಿವೆಂಕಟಪ್ಪ ಆಗುವುದಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಮುನಿವೆಂಕಟಪ್ಪ ಎದ್ದು ನಿಂತು ಕೈ ಆಡಿಸುತ್ತಾ ಮಾತಾಡಿದ. ಆ ಕೈಯಲ್ಲಿ ಚಾಕು ಇತ್ತು. ಹಿಂದಿನ ಸೀಟಿನಲ್ಲಿದ್ದ ಯಾರೋ ಫೋನ್ ಎತ್ತಿ ಹನ್ನೊಂದು ಸೆಕೆಂಡು ರೆಕಾರ್ಡ್ ಮಾಡಿದರು. ಆ ಹನ್ನೊಂದು ಸೆಕೆಂಡಿನಲ್ಲಿ ಸೀಬೆಹಣ್ಣು ಕಾಣುವುದಿಲ್ಲ.

ವಿಡಿಯೋ ಕೆಳಗೆ ತಮಿಳಿನಲ್ಲಿ 'ಕತ್ತಿ ತೋರಿಸಿ ಸೂಪರ್‌ವೈಸರ್‌ಗೆ ಬೆದರಿಕೆ' ಎಂದು ಬರೆದಿತ್ತು. ತಮಿಳಿನಲ್ಲಿ ತರಕಾರಿ ಹೆಚ್ಚುವ ಚಾಕುವೂ ಕತ್ತಿಯೇ. ನಮ್ಮ ಕನ್ನಡದ ಜನರ ಗ್ರೂಪುಗಳಿಗೆ ಆ ಮಾತು ಹಾಗೆಯೇ ಬಂತು. ನಮ್ಮಲ್ಲಿ ಕತ್ತಿ ಎಂದರೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಎರಡೇ ದಿನದಲ್ಲಿ ಬಾಗಲೂರಿನಿಂದ ಉದ್ದನಪಲ್ಲಿಯವರೆಗೆ, ಕಾರ್ಖಾನೆಯ ಬಸ್ಸಿನಲ್ಲಿ ಒಬ್ಬ ಮಾರುದ್ದದ ಕತ್ತಿ ಬೀಸಿದನಂತೆ ಎಂದು ಸುದ್ದಿಯಾಗಿತ್ತು.

ಜಗಳದ ಮರುದಿನ ಬೆಳಗ್ಗೆ ಗೇಟಿನಲ್ಲೇ ಅವನ ಜೇಬು ತಡಕಿದರು. "ಇಲ್ಲೇ ಐತಲ್ಲಣ್ಣ, ತಗಾ" ಎಂದು ಅವನೇ ತೆಗೆದುಕೊಟ್ಟನಂತೆ. ಸೆಕ್ಯುರಿಟಿ ಆಫೀಸರ್ ಚಾಕುವನ್ನು ಕವರ್‌ಗೆ ಹಾಕಿ ಸೀಲ್ ಮಾಡಿ, ಸೆಲ್ವಂನನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಒಯ್ದರು. ಅಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ಕವರ್ ನೋಡಿ, ಸೆಲ್ವಂನನ್ನು ನಾಲ್ಕು ಪ್ರಶ್ನೆ ಕೇಳಿ, "ಇದಕ್ಕೆ ಏನಂತ ಕೇಸ್ ಹಾಕಲಿ? ನೀವು ನೀವೇ ಕೂತು ಮುಗಿಸಿಕೊಳ್ಳಿ" ಎಂದು ವಾಪಸ್ ಕಳಿಸಿದರು. ಪೊಲೀಸರಿಗೆ ಇಲ್ಲದ ಹೆದರಿಕೆ ನಮಗಿತ್ತು. ಮುಂದಿನ ತಿಂಗಳು ವಿದೇಶದ ಗ್ರಾಹಕರು ಕಾರ್ಖಾನೆಯ ಸುರಕ್ಷತೆ ನೋಡಲು ಆಡಿಟ್‌ಗೆ ಬರುವವರಿದ್ದರು. ಮುನಿವೆಂಕಟಪ್ಪನನ್ನು ಸಸ್ಪೆಂಡ್ ಮಾಡಿ, 'ಮಾರಕ ಆಯುಧ ಇಟ್ಟುಕೊಂಡು ಬಂದದ್ದು, ಮೇಲಧಿಕಾರಿಯನ್ನು ಬೆದರಿಸಿದ್ದು' ಎಂದು ಎರಡು ಆರೋಪಗಳ ಚಾರ್ಜ್‌ಶೀಟ್ ಕೊಟ್ಟೆವು. 'ಮಾರಕ' ಎಂಬ ಪದ ನನ್ನದೇ. ಹಳೆಯ ಒಂದು ಚಾರ್ಜ್‌ಶೀಟ್‌ನಿಂದ ಎತ್ತಿಕೊಂಡದ್ದು.

ಎನ್‌ಕ್ವೈರಿ ಆಫೀಸರ್ ನಾನೇ. ವಿಚಾರಣೆ ಟ್ರೈನಿಂಗ್ ಹಾಲಿನಲ್ಲಿ ಮೂರು ದಿನ ನಡೆಯಿತು. ಅವನ ಸಹಾಯಕ್ಕೆ ಅದೇ ಸೆಕ್ಷನ್ನಿನ ಗೆಳೆಯ ನಾಗರಾಜ ಕೂತಿದ್ದ. ಮೊದಲ ದಿನ ಸೆಲ್ವಂ ಹೇಳಿಕೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅವನು ಸುಳ್ಳು ಹೇಳಲಿಲ್ಲ. "ಇರಿಯುತ್ತಾನೆ ಎಂದು ನನಗೆ ಅನ್ನಿಸಲಿಲ್ಲ. ವಿಡಿಯೋ ನೋಡಿದ ಮೇಲೆ ಹೆದರಿಕೆಯಾಯಿತು" ಎಂದ. ಅದನ್ನೂ ಬರೆದುಕೊಂಡೆ.

ಎರಡನೆಯ ದಿನದ ಸಾಕ್ಷಿ ರೇವತಿ. ಧರ್ಮಪುರಿ ಕಡೆಯಿಂದ ಬಂದ ಇಪ್ಪತ್ತೆರಡರ ಟ್ರೈನಿ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬಸ್ಸಿನಲ್ಲಿ ಅವನ ಎದುರು ಸೀಟಿನಲ್ಲಿದ್ದವಳು. ತಮಿಳಿನಲ್ಲಿ ಹೇಳಿಕೆ ಕೊಡುವಾಗ ಅವನ ಕಡೆ ತಿರುಗಿ ನೋಡಲಿಲ್ಲ. ಪ್ರಶ್ನೆ ಕೇಳಬಹುದೆಂದು ಮುನಿವೆಂಕಟಪ್ಪನಿಗೆ ಹೇಳಿದೆ. ಅವನು ಎದ್ದು ನಿಂತು ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದ: "ನಾನು ಯಾವತ್ತಾದರೂ ನಿನ್ನನ್ನು ಗದರಿದ್ದೀನಾ ತಾಯಿ?"

"ಇಲ್ಲ ಅಣ್ಣಾ" ಎಂದಳು ಅವಳು. "ಆದರೆ ಆ ಬಸ್ಸಿಗೆ ಇನ್ನು ಹತ್ತಲು ನನಗೆ ಆಗುವುದಿಲ್ಲ."

ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು, ತನ್ನ ತಂದೆ ಕುಡಿದು ಬಂದಾಗಲೆಲ್ಲ ಊಟಕ್ಕೆ ಮೊದಲು ಒಂದು ಚಾಕುವನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ಕೂರುತ್ತಿದ್ದದ್ದನ್ನು ಹೇಳಿದಳು. ಅವಳ ಹೆದರಿಕೆ ನಿಜವಾದದ್ದು. ಅದನ್ನು ಇವತ್ತಿಗೂ ನಾನು ಹಗುರವಾಗಿ ನೋಡಲಾರೆ. ಆದರೆ ಆ ಹೆದರಿಕೆಗೆ ಕಾರಣನಾದವನು ಮುನಿವೆಂಕಟಪ್ಪನಲ್ಲ ಎಂದು ನನಗೆ ಆ ಸಂಜೆಯೇ ಗೊತ್ತಾಗಿತ್ತು.

ಮೂರನೆಯ ದಿನ ಅವನ ಸರದಿ. ತಂದೆಯ ವಿಷಯ, ಕಸಿಯ ವಿಷಯ, ಸೀಬೆಹಣ್ಣಿನ ವಿಷಯ ಹೇಳಿದ. ಕೈ ಆಡಿಸಿದ್ದು ತಪ್ಪಾಯಿತು ಎಂದ. ಆಮೇಲೆ ಕೇಳಿದ:

"ಮೇಡಂ, ಪ್ಲಾಂಟ್ ಹೆಡ್ ಸಾಹೇಬ್ರ ಜೇಬ್ನಾಗೂ ಚಾಕು ಐತೆ. ಆಯುಧಪೂಜೆ ದಿನ ನಮ್ಮೆಲ್ರ ಮುಂದೆ ಅದ್ರಾಗೇ ಹಣ್ಣು ಕುಯ್ದು ಕೊಟ್ರು. ನಾವು ಕಣ್ಣಿಗೆ ಒತ್ಕೊಂಡು ತಿಂದ್ವಿ. ಅವ್ರದು ಚಾಕು, ನಂದ್ಯಾಕೆ ಆಯುಧ ಆಯ್ತು?"

ನಾಗರಾಜ ಅವನ ತೋಳು ಹಿಡಿದು ಎಳೆದ. "ಸುಮ್ಕಿರ್ಲಾ, ದೊಡ್ಡೋರ ಮಾತ್ಯಾಕೆ ಎತ್ತೀಯ?"

"ಇಲ್ಲ ಕಣ್ಲಾ, ಮೇಡಂ ಬರ್ಕಳ್ಳಿ" ಎಂದ ಮುನಿವೆಂಕಟಪ್ಪ.

ಅದು ನಿಜ. ಪ್ಲಾಂಟ್ ಹೆಡ್ ಬಳಿ ಕೆಂಪು ಹಿಡಿಯ, ಏಳೆಂಟು ಅಲಗುಗಳ ಚಾಕು ಇತ್ತು. ವಿದೇಶಕ್ಕೆ ಹೋದಾಗ ತಂದದ್ದು. ಮೀಟಿಂಗ್‌ಗಳಲ್ಲಿ ಅದರಿಂದ ಸೇಬು ಹೆಚ್ಚಿ, ಹೋಳನ್ನು ಅಲಗಿನ ತುದಿಯಲ್ಲೇ ನಮ್ಮ ಮುಂದೆ ಹಿಡಿಯುತ್ತಿದ್ದರು. ನಾವು ನಗುತ್ತಾ ತೆಗೆದುಕೊಳ್ಳುತ್ತಿದ್ದೆವು. ಎಲ್ಲದಕ್ಕೂ ತಯಾರಾಗಿರುವ ಮನುಷ್ಯ ಎಂದು ನಾನೇ ಒಂದೆರಡು ಸಲ ಹೊಗಳಿದ್ದೇನೆ.

ನಾನು ಪೆನ್ನನ್ನು ಕಾಗದದಿಂದ ಎತ್ತಿದೆ. "ಅದು ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ ಮುನಿವೆಂಕಟಪ್ಪ. ನಿಮ್ಮ ವಿಷಯ ಮಾತ್ರ ಹೇಳಿ" ಎಂದೆ.

"ನನ್ ವಿಷ್ಯಾನೇ ಮೇಡಂ ಅದು" ಎಂದ ಅವನು.

ನಡಾವಳಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳುವುದು ಪದ್ಧತಿ. ಓದಿ ಮುಗಿಸಿ ಸಹಿಗೆ ಕಾಗದ ಚಾಚಿದಾಗ, "ನಾನು ಹೇಳಿದ್ದು ಇದ್ರಾಗೆ ಐತಾ ಮೇಡಂ?" ಎಂದು ಕೇಳಿದ. "ಬೇಕಾದದ್ದೆಲ್ಲ ಇದೆ" ಎಂದೆ. ಅವನು ಒಂದೊಂದು ಪುಟಕ್ಕೂ ನಿಧಾನವಾಗಿ ಕನ್ನಡದಲ್ಲಿ ಸಹಿ ಮಾಡಿದ. ಒಟ್ಟು ಹದಿನಾಲ್ಕು ಪುಟ.

ಬೆದರಿಕೆಯ ಆರೋಪ ರುಜುವಾತಾಗಿಲ್ಲ, ಆಯುಧದ ಆರೋಪ ರುಜುವಾತಾಗಿದೆ ಎಂದು ವರದಿ ಕೊಟ್ಟೆ. ಅರ್ಧ ನ್ಯಾಯ ಕೊಟ್ಟೆನೆಂದು ಅವತ್ತು ಒಳಗೊಳಗೇ ಸಮಾಧಾನವೂ ಆಗಿತ್ತು. ಎಚ್ಚರಿಕೆ ಪತ್ರ, ಹೆಚ್ಚೆಂದರೆ ಕೆಲವು ದಿನದ ಸಸ್ಪೆನ್ಷನ್‌ನಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಆಡಿಟ್‌ಗೆ ಒಂದು ವಾರ ಇದೆ ಎನ್ನುವಾಗ ಅವನನ್ನು ಕೆಲಸದಿಂದ ವಜಾ ಮಾಡಿದರು. ಪತ್ರದಲ್ಲಿ ನನ್ನ ವರದಿಯ ಆ ಒಂದೇ ಸಾಲು ಎತ್ತಿ ಬರೆದಿತ್ತು. ನಾನು ಪ್ಲಾಂಟ್ ಹೆಡ್ ಕೋಣೆಗೆ ಹೋಗಿ, ಇದು ಹೆಚ್ಚಾಯಿತು ಎಂದೆ. "ರುಜುವಾತಾಗಿದೆ ಎಂದು ಬರೆದವರು ನೀವೇ ಅಲ್ಲವೇ?" ಎಂದರು ಅವರು. ನಾನು ನನ್ನ ಕೋಣೆಗೆ ವಾಪಸ್ ಬಂದೆ.

ಮುಂದಿನದೆಲ್ಲ ನಾಗರಾಜನಿಂದ ತಿಳಿಯಿತು. ಬಾಡಿಗೆ ಮನೆಯ ಯಜಮಾನರು ವಿಡಿಯೋ ನೋಡಿದ್ದರು. ಮಕ್ಕಳಿರುವ ವಠಾರ, ತಪ್ಪು ತಿಳಿಯಬೇಡಿ ಎಂದು ಮನೆ ಬಿಡಲು ಹೇಳಿದರು. ಕುಟುಂಬ ಉದ್ದನಪಲ್ಲಿಗೆ ಮರಳಿತು. ಕೃಷ್ಣಗಿರಿಯ ಲೇಬರ್ ಆಫೀಸಿನಲ್ಲಿ ಅವನು ದೂರು ಕೊಟ್ಟಿದ್ದ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಮೊದಲ ಸಿಟ್ಟಿಂಗ್‌ಗೆ ಹೋದ. ಎರಡನೆಯದಕ್ಕೆ ಹೋಗುವಾಗ ಬಸ್ಸಿನಲ್ಲಿ ಯಾರೋ ಗುರುತು ಹಿಡಿದು ಪಕ್ಕದವರಿಗೆ ಫೋನ್ ತೋರಿಸಿದರಂತೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದು ಹೋದಳಂತೆ. ಅವನು ರಾಯಕೋಟೆಯಲ್ಲೇ ಇಳಿದು ಮನೆಗೆ ವಾಪಸಾದ. ಆಮೇಲೆ ಸಿಟ್ಟಿಂಗ್‌ಗೆ ಹೋಗಲೇ ಇಲ್ಲ. ಹಾಜರಾಗದ ಕಾರಣ ಫೈಲು ಮುಚ್ಚಿದರು.

ನಾನು ನಿವೃತ್ತಳಾದ ಮೇಲಿನ ಮಳೆಗಾಲದಲ್ಲಿ, ಬಾಗಲೂರಿನ ಹತ್ತಿರದ ನಮ್ಮ ಜಾಗಕ್ಕೆ ಮಾವಿನ ಸಸಿ ತರಲು ನಮ್ಮ ಮನೆಯವರ ಜೊತೆ ಕೃಷ್ಣಗಿರಿ ಕಡೆಯ ಒಂದು ನರ್ಸರಿಗೆ ಹೋಗಿದ್ದೆ. ನೆರಳುಬಲೆಯ ಕೆಳಗೆ ಏಳೆಂಟು ಜನ ಸಾಲಾಗಿ ಕೂತು ಕಸಿ ಕಟ್ಟುತ್ತಿದ್ದರು. ಮೂರನೆಯವನು ಮುನಿವೆಂಕಟಪ್ಪ. ನನ್ನನ್ನು ನೋಡಿದವನೇ ಎದ್ದು ನಿಂತ.

"ಚೆನ್ನಾಗಿದ್ದೀರಾ ಮೇಡಂ? ಸಸಿಗೆ ಬಂದ್ರಾ? ಮಲ್ಲಿಕಾ ತಗಳಿ, ನಿಮ್ ಕಡೆ ಮಣ್ಣಿಗೆ ಚೆನ್ನಾಗಿ ಬತ್ತದೆ."

ಅವನ ಕೈಯಲ್ಲಿದ್ದದ್ದು ನರ್ಸರಿಯವರ ಪ್ಲಾಸ್ಟಿಕ್ ಹಿಡಿಯ ಚಾಕು. ನಾನು ಅದನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತು.

"ಇವ್ರದೇ. ಸಾಯಂಕಾಲ ಕೊಟ್ಬುಟ್ಟು ಹೋಗ್ತೀನಿ. ಬಸ್ನಾಗೆ ಜೇಬ್ನಲ್ಲಿ ಏನೂ ಇಟ್ಕಳಲ್ಲ ಈಗ" ಎಂದ.

ಅವತ್ತು ನಾನು ಬರೆದುಕೊಳ್ಳಬೇಕಿತ್ತು, ತಪ್ಪು ಮಾಡಿದೆ ಎಂದೆ. ಈಗಲಾದರೂ ನಡೆದದ್ದನ್ನು ಬರೆದು ಸಹಿ ಹಾಕಿ ಕೊಡುತ್ತೇನೆ, ಒಳ್ಳೆಯ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗೋಣ ಎಂದೆ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ.

"ಕೆಲ್ಸ ಹೋಗಿದ್ದಕ್ಕಿಂತ ಅದೇ ಮೇಡಂ ನಂಗೆ ಬೇಜಾರಾಗಿದ್ದು. ನೀವು ಒಪ್ಪದೇ ಇದ್ರೂ ಬರ್ಕಂತೀರಿ ಅನ್ಕಂಡಿದ್ದೆ. ಈಗ ಬ್ಯಾಡ. ಮಗಳಿಗೆ ಗಂಡು ನೋಡ್ತಾವ್ನಿ. ಕೇಸು ಅಂದ್ರೆ ಮತ್ತೆ ಎಲ್ರೂ ಆ ವಿಡಿಯೋ ಹುಡುಕಿ ನೋಡ್ತಾರೆ."

ಕತ್ತರಿಸಿಟ್ಟ ಕಸಿ ಕಡ್ಡಿ ಒಣಗುತ್ತದೆ ಎಂದು ಹೇಳಿ ಅವನು ಮತ್ತೆ ಸಾಲಿನಲ್ಲಿ ಕೂತ.

ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ನಲವತ್ತಕ್ಕೂ ಹೆಚ್ಚು ಎನ್‌ಕ್ವೈರಿ ನಡೆಸಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಸಲಹೆ ಕೇಳಿದರೆ ಕಾಯ್ದೆ, ಕಲಮುಗಳ ವಿಷಯ ನಾನು ಹೇಳುವುದಿಲ್ಲ. ಜನ ಒಬ್ಬ ಮನುಷ್ಯನಿಗೆ ಯಾಕೆ ಹೆದರುತ್ತಿದ್ದಾರೆ ಎಂದು ವಿಚಾರಿಸಿ, ಹೆದರಿದವರನ್ನೂ ಗೌರವದಿಂದ ಕೇಳಿ ಎನ್ನುತ್ತೇನೆ. ಆಮೇಲೆ, ಎದುರಿಗೆ ಕೂತವನು ಹೇಳಿದ ಮಾತು ನಿಮಗೆ ಎಷ್ಟೇ ಇರುಸುಮುರುಸು ತಂದರೂ ಅವನು ಹೇಳಿದ ಹಾಗೆಯೇ ಬರೆದುಕೊಳ್ಳಿ ಎನ್ನುತ್ತೇನೆ. ಅದು ಸರಿಯೋ ತಪ್ಪೋ ಎಂದು ಆಮೇಲೆ ತೀರ್ಮಾನಿಸಬಹುದು. ಬರೆಯದೆ ಬಿಟ್ಟರೆ ತೀರ್ಮಾನ ಆಗಲೇ ಆಗಿಹೋಗಿರುತ್ತದೆ. ಇಷ್ಟನ್ನು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ತಿಳಿಯುವ ಹೊತ್ತಿಗೆ, ಬರೆದುಕೊಡುತ್ತೇನೆ ಎಂದರೂ ಮುನಿವೆಂಕಟಪ್ಪನಿಗೆ ಅದು ಬೇಡವಾಗಿತ್ತು.