ಒಳಗಡೆ ಗುಂಡಿಯಿದ್ದ ಮೋಟಾರು

ಹೋದ ತಿಂಗಳು ಹೈದರಾಬಾದಿನಲ್ಲಿ ಕಾಲೇಜಿನಿಂದ ಹಾಸ್ಟೆಲಿಗೆ ಬರುವಾಗ ಮಳೆ ಹಿಡಿಯಿತು. ರಿಕ್ಷಾದವನು ಕೇಳದೆಯೇ ನನ್ನ ಮುಂದೆ ಟಾರ್ಪಾಲು ಇಳಿಬಿಟ್ಟ. ನೆಂದ ಕ್ಯಾನ್ವಾಸು, ಅದಕ್ಕೆ ಹತ್ತಿದ ಹಳೆಯ ಎಣ್ಣೆಯ ಜಿಡ್ಡು, ಒಳಗೇ ಸುತ್ತುವ ಉಸಿರಿನ ಬಿಸಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಾರಾಯಣಪೇಟೆಯಲ್ಲಿ ಅಕ್ಕೋರ ಮೋಟಾರಿನಲ್ಲಿ ಕೂತಿದ್ದೆ.

ಅಕ್ಕೋರೆಂದರೆ ನಮ್ಮ ಹೆಣ್ಣುಮಕ್ಕಳ ಸಾಲಿಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅವರ ಗಂಡ ರಾಯಚೂರಿನಲ್ಲಿ ಡಾಕ್ಟರಾಗಿದ್ದರಂತೆ. ತೀರಿಕೊಂಡಾಗ ಹೆಂಡತಿಗೆ ಬಿಟ್ಟುಹೋದದ್ದು ಆ ಮೋಟಾರು ಒಂದೇ. ಮೇಲೆ ಮಡಚಬಹುದಾದ ಬಟ್ಟೆಯ ಮಾಡು. ಪಕ್ಕಗಳಲ್ಲಿ ಗಾಜಿಲ್ಲ, ಕ್ಯಾನ್ವಾಸಿನ ಪರದೆ. ಮುಂದುಗಡೆ ಹ್ಯಾಂಡಲು ಹಾಕಿ ತಿರುವಿದರೆ, ಅದಕ್ಕೆ ಮನಸ್ಸಿದ್ದರೆ ಏಳುತ್ತಿತ್ತು. ಓಡಿಸುತ್ತಿದ್ದವರು ಒಬ್ಬ ಮುದುಕ ಚಾಚಾ. ದಿನಾ ಬೆಳಿಗ್ಗೆ ಎಂಟು ಹುಡುಗಿಯರನ್ನು ಓಣಿ ಓಣಿಗೆ ಬಂದು ತುಂಬಿಕೊಂಡು, ಊರಾಚೆ ದಾಮರಗಿದ್ದದ ರಸ್ತೆಯಲ್ಲಿದ್ದ ಸಾಲಿಗೆ ಒಯ್ಯುತ್ತಿದ್ದರು.

ಪರದೆಯ ತರ್ಕ ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಮರೆಯಲ್ಲಿರುವ ಗೋಷಾ ಎಂಬುದೇ ಇರಲಿಲ್ಲ. ನಮ್ಮವ್ವ ಸಂತೆಗೆ ಹೋಗುತ್ತಿದ್ದಳು, ನಾನು ಕೊಡ ಹೊತ್ತು ಬಾವಿಗೆ ಹೋಗುತ್ತಿದ್ದೆ. ಆಗ ಯಾರ ಕಣ್ಣೂ ನನಗೆ ತಾಗುತ್ತಿರಲಿಲ್ಲ. ಅದೇ ಹುಡುಗಿ ಕೈಯಲ್ಲಿ ಪುಸ್ತಕ ಹಿಡಿದು ಹೊರಟರೆ ಮಾತ್ರ ಊರಿಗೆಲ್ಲ ಕಣ್ಣು ಬರುತ್ತಿತ್ತು. ಹನ್ನೆರಡು ದಾಟಿದವಳು ಸಾಲಿಗೆ ಹೋಗುವುದಾದರೆ ಪರದೆಯೊಳಗೆ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲಿರಬೇಕು. ಎಂಟೂ ಮನೆಯವರು ಅಕ್ಕೋರಿಗೆ ಹಾಕಿದ ಶರತ್ತು ಇದೊಂದೇ.

ಅಕ್ಕೋರು ಶರತ್ತನ್ನು ಒಪ್ಪಿದರು. ಒಪ್ಪಿ, ದರ್ಜಿಯನ್ನು ಕರೆಸಿ, ಹೊರಗಡೆಯಿಂದ ಹಾಕುವಂತಿದ್ದ ಪರದೆಯ ಗುಂಡಿಗಳನ್ನೆಲ್ಲ ಕೀಳಿಸಿ ಒಳಗಡೆ ಹೊಲಿಸಿದರು. ಗಾಳಿಗೆ ಬಿಚ್ಚಿಕೊಳ್ಳಬಾರದಲ್ಲ ಎಂದು ತಂದೆಯರಿಗೆ ಹೇಳಿದರು. ಅವರು ಮೆಚ್ಚಿ ತಲೆಯಾಡಿಸಿದರು.

ನಿಜವಾದ ಕಾರಣ ಕೆರೆಯ ಏರಿ ದಾಟಿದ ಮೇಲೆ ಗೊತ್ತಾಗುತ್ತಿತ್ತು. ಅಲ್ಲಿಂದ ಮನೆಗಳಿಲ್ಲ. ಚಾಚಾ ಒಮ್ಮೆ ಕೆಮ್ಮುತ್ತಿದ್ದರು. ಎಂಟು ಜನರ ಕೈ ಒಟ್ಟಿಗೆ ಗುಂಡಿಗಳಿಗೆ ಹೋಗುತ್ತಿತ್ತು. ಪರದೆ ಸರಸರನೆ ಮೇಲೇರುತ್ತಿತ್ತು. ಗಾಳಿ, ಧೂಳು, ಜೋಳದ ಹೊಲ, ನೀರಿಗಿಳಿದ ಎಮ್ಮೆಗಳು. ಒಂದೂವರೆ ಮೈಲು. ಎದುರಿಗೆ ಯಾರಾದರೂ ಬಂದರೆ ಚಾಚಾ ಹಾರ್ನನ್ನು ಎರಡು ಸಲ ಅಮುಕುತ್ತಿದ್ದರು.

"ಬೇಟೀ, ಬಂಡಿ ಬಂತು ನೋಡ್ರಿ. ಮುಚ್ಕೊಳ್ರಿ. ಎತ್ತಿಗಿಂತ ಅದರ ಮಾಲಕನ ಕಣ್ಣು ದೊಡ್ಡವು."

ಮುಂದಿನ ಸೀಟಿನಲ್ಲಿ ಕೂತ ಅಕ್ಕೋರು ತಿರುಗಿ ನೋಡುತ್ತಿರಲಿಲ್ಲ. ತೆಗೆಯಿರಿ ಎಂದೂ ಅನ್ನಲಿಲ್ಲ, ಮುಚ್ಚಿರಿ ಎಂದೂ ಅನ್ನಲಿಲ್ಲ.

ನನಗೆ ವಾದ ಕಲಿಸಿದವರೂ ಅವರೇ. ಪ್ರತಿ ಶನಿವಾರ ಮಧ್ಯಾಹ್ನ ಒಂದು ವಿಷಯ ಕೊಟ್ಟು, ಯಾರಿಗೆ ಯಾವ ಪಕ್ಷ ಇಷ್ಟವೋ ಅದರ ಎದುರು ಪಕ್ಷಕ್ಕೆ ನಿಲ್ಲಿಸುತ್ತಿದ್ದರು. ಒಂದೇ ನಿಯಮ: "ಕಾರಣ ಹೇಳದ ಕೆಳಗ ಕುಂಡ್ರಬ್ಯಾಡ."

ರಜಾಕಾರರ ಗಲಾಟೆಯಲ್ಲಿ ಸಾಲಿ ಮುಚ್ಚಿತು. ಪೊಲೀಸ್ ಆಕ್ಷನ್ ಆಗಿ, ಊರು ಉಸಿರುಬಿಟ್ಟು, ಮತ್ತೆ ತೆರೆಯಿತು. ಸೀರೆ ವ್ಯಾಪಾರಿಯಾದ ನಮ್ಮಪ್ಪ ರುಮಾಲು ತೆಗೆದು ಬಿಳಿ ಟೋಪಿ ಹಾಕಿಕೊಂಡರು. ಚಾವಡಿಯ ಮೇಲೆ ಝಂಡಾ ಬದಲಾಯಿತು, ದಫ್ತರದಲ್ಲಿ ಸಾಹೇಬರು ಬದಲಾದರು. ಆ ಉತ್ಸಾಹದಲ್ಲೇ ಅಪ್ಪ, ಊರುಬಿಟ್ಟು ಹೊರಟಿದ್ದ ಒಬ್ಬ ಜಾಗೀರದಾರರಿಂದ ಮೋಟಾರು ಕೊಂಡರು. ಅಕ್ಕೋರ ಮೋಟಾರಿನ ಕಂಪನಿಯದೇ, ಆದರೆ ಹೊಸ ಮಾದರಿ. ಉಕ್ಕಿನ ಮಾಡು, ನಾಲ್ಕೂ ಕಡೆ ಗಾಜು, ಹ್ಯಾಂಡಲಿನ ಗೊಡವೆಯಿಲ್ಲದೆ ಒಳಗಿಂದಲೇ ಚಾಲೂ. ಅದನ್ನು ಸಾಲಿಗೆ ಕೊಡುತ್ತೇನೆ, ಹಳೆಯದನ್ನು ನಮ್ಮ ಗೋದಾಮಿಗೆ ಬಿಟ್ಟುಕೊಡಿ ಎಂದು ಅಕ್ಕೋರಿಗೆ ಹೇಳಿಕಳಿಸಿದರು.

ಆ ಶನಿವಾರದ ಚರ್ಚೆಗೆ ಬೇರೆ ವಿಷಯ ಹುಡುಕುವ ಕೆಲಸವೇ ಇರಲಿಲ್ಲ. ಹಳೆಯದೇ ಇಷ್ಟವೆಂದ ನಾನು ರೂಢಿಯಂತೆ ಹೊಸ ಮೋಟಾರಿನ ಪರವಾಗಿ ನಿಂತೆ. ಮಳೆಯಲ್ಲಿ ನಮ್ಮ ಪುಸ್ತಕ ನೆನೆಯುವುದು, ಚಾಚಾನ ಭುಜ ಹ್ಯಾಂಡಲು ತಿರುವಿ ತಿರುವಿ ಬಾತಿರುವುದು, ಎಲ್ಲವನ್ನೂ ಎತ್ತಿದೆ. ಗಾಜೆಂದರೆ ದಾರಿಯುದ್ದಕ್ಕೂ ಕಾಣುತ್ತದೆ, ಊರೊಳಗೂ ಕಾಣುತ್ತದೆ ಎಂದೆ. ಏಳು ಕೈ ನನ್ನ ಪರ ಎದ್ದವು. ಅಕ್ಕೋರು ನಕ್ಕರು. "ಭಾನುವಾರ ಹೋಗಿ ನೋಡೂಣು. ಮಾತಿನ್ಯಾಗಿನ ಮೋಟಾರ ಬ್ಯಾರೆ, ಅಂಗಳದಾಗಿನ ಮೋಟಾರ ಬ್ಯಾರೆ ಇರ್ತೈತಿ."

ಭಾನುವಾರ ನಮ್ಮ ಅಂಗಳದಲ್ಲಿ ಅಪ್ಪ ಇದ್ದರು, ಸಾಲಿಯ ಕಮಿಟಿಯ ವಕೀಲರಿದ್ದರು. ನಾನು ಪಡಸಾಲೆಯ ಬಾಗಿಲಿನ ಹಿಂದಿದ್ದೆ. ಅಕ್ಕೋರು ಹೊಸ ಮೋಟಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಆಗ ನಾನು ಗಾಜು ನೋಡಿದೆ. ಹಿಂದಿನ ಸಂಜೆಯಷ್ಟೇ ಅಪ್ಪ ದಟ್ಟ ಹಸಿರು ಬಣ್ಣ ಬಳಿಸಿದ್ದರು. ಒಳಗೆ ಕೂತ ಅಕ್ಕೋರು ನೆರಳಾಗಿಯೂ ಕಾಣುತ್ತಿರಲಿಲ್ಲ.

ಅವರು ಇಳಿದು ಕೇಳಿದರು: "ಸಾವಕಾರ್ರೇ, ಗಾಜು ಇಳಿಸೋ ಹಿಡಿಕಿ ಇರಬೇಕಿತ್ತಲ್ರಿ ಇಲ್ಲಿ?"

"ತೆಗಿಸೀನ್ರಿ. ಹುಡುಗ್ಯಾರು ತಿರುವ್ಯಾಡಿ ಕೆಡಸ್ತಾವ," ಅಂದರು ಅಪ್ಪ ಹೆಮ್ಮೆಯಿಂದ. "ಇನ್ನ ನಿಮಗ ಪರದೆ ಹಾಕೋ ತ್ರಾಸಿಲ್ಲ. ಇರಿವಿ ಕಣ್ಣಿಗೂ ಒಳಗಿಂದು ಕಾಣಂಗಿಲ್ಲ."

"ನನಗ ಹಳೇದ ಇರಲ್ರಿ."

ವಕೀಲರು ನಕ್ಕರು. "ಸ್ವರಾಜ್ಯ ಬಂದ್ರೂ ನಮ್ಮ ಅಕ್ಕೋರು ನಿಜಾಮನ ಕಾಲದ ಡಬ್ಬಿ ಬಿಡಂಗಿಲ್ಲ ನೋಡ್ರಿ. ಯಾಕ ಬ್ಯಾಡಂತೀರಿ? ಒಂದು ಕಾರಣರೇ ಹೇಳ್ರಿ."

"ರೂಢಿ ಆಗೇತ್ರಿ," ಅಂದರು ಅಕ್ಕೋರು.

ಬಾಗಿಲಿನ ಹಿಂದೆ ನನ್ನ ಮೈ ಉರಿಯಿತು. ಕಾರಣ ಹೇಳದೆ ಕೂರಬೇಡ ಎಂದು ನನಗೆ ಕಲಿಸಿದವರು, ಗೆಲ್ಲುವ ಕಾರಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಊರಿನವರಿಂದ ಹಳೇ ಕಾಲದವರೆನ್ನಿಸಿಕೊಂಡು ನಿಂತಿದ್ದರು. ಯಾಕೆ ಬಾಯಿಬಿಡುತ್ತಿಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಅಂಗಳಕ್ಕೆ ಬಂದುಬಿಟ್ಟೆ.

"ಅಪ್ಪಾ, ಆ ಮೋಟಾರದಾಗ ಗುಂಡಿ ಒಳಗಡೆ ಅದಾವ. ಕೆರಿ ದಾಟಿದ ಮ್ಯಾಲ ದಿನಾ ನಾವು ಪರದೆ ತೆಗಿತೀವಿ. ನಿನ್ನ ಮೋಟಾರದಾಗ ತೆಗಿಯಾಕ ಏನೈತಿ?"

ಎಂಥ ವಾದ! ಒಂದೂ ಮಾತು ಸುಳ್ಳಲ್ಲ, ಒಂದೂ ಮಾತು ಹೆಚ್ಚಲ್ಲ. ವಕೀಲರ ನಗು ನಿಂತಿತು. ಅಪ್ಪ ನನ್ನನ್ನು ನೋಡಲಿಲ್ಲ, ಅಕ್ಕೋರನ್ನು ನೋಡಿದರು.

"ಹೌದೇನ್ರಿ ಇದು?"

ಇಲ್ಲವೆಂದಿದ್ದರೆ ಅಪ್ಪ ನಂಬುತ್ತಿದ್ದರು. ಬಾಯಿಬಡುಕಿ ಮಗಳಿಗಿಂತ ಅಕ್ಕೋರ ಮಾತಿಗೆ ಆ ಮನೆಯಲ್ಲಿ ತೂಕ ಹೆಚ್ಚು. ಅಕ್ಕೋರು ಸೆರಗು ಸರಿಮಾಡಿಕೊಂಡು, "ಹೌದ್ರಿ. ಗುಂಡಿ ನಾನ ಹೊಲಿಸೀನಿ," ಅಂದರು.

"ಹಂಗಂದ್ರ ನಾಳಿಂದ ಹುಡುಗ್ಯಾರನ್ನ ಕಳಿಸಂಗಿಲ್ಲ."

"ನಾಳಿಂದ ಪರದೇನ ಇರಂಗಿಲ್ಲ, ಸಾವಕಾರ್ರೇ. ಊರಾಗೂ ಇಲ್ಲ, ಊರ ಹೊರಗೂ ಇಲ್ಲ. ಮೋಟಾರ ಹೊತ್ತಿಗೆ ಸರಿಯಾಗಿ ಬರ್ತೈತಿ. ಬರೋರು ಬರಲಿ."

ಬಂತು. ಪರದೆಯನ್ನಷ್ಟೇ ಅಲ್ಲ, ಮಾಡನ್ನೂ ಹಿಂದಕ್ಕೆ ಮಡಚಿ, ಅಕ್ಕೋರು ಬಿಸಿಲಿಗೆ ನೆಟ್ಟಗೆ ಕೂತಿದ್ದರು. ಅಪ್ಪ ಅಂಗಡಿಗೆ ಹೋಗಿಯಾಗಿತ್ತು. ನಾನು ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತೆ. ಅವ್ವ ಬುತ್ತಿಯ ಡಬ್ಬಿಯನ್ನು ನನ್ನ ಕೈಗೆ ತುರುಕಿದಳು.

"ಹೋಗು. ಓಣಿಗೆಲ್ಲಾ ಕೇಳಂಗ ಮಾತಾಡಿದಾಕಿ ಈಗ ಒಲಿ ಮುಂದ ಕುಂತ್ರ ನಾಯೀನೂ ನಗ್ತೈತಿ. ನಿಮ್ಮಪ್ಪನ್ನ ನಾ ನೋಡ್ಕೋತೀನಿ."

ಪೇಟೆಯ ನಡುವೆ ಹಾಯ್ದು ಹೋದೆವು. ತೂಗುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ನೋಡಿದರು. ಅಪ್ಪ ಅಂಗಡಿಯಲ್ಲಿ ಗಿರಾಕಿಯೇ ಇಲ್ಲದೆ ಒಂದು ಸೀರೆ ಮಡಚುತ್ತಿದ್ದರು. ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಆದರೆ ತಡೆಯಲೂ ಇಲ್ಲ. ಕೆರೆಯ ಏರಿ ದಾಟಿದಾಗ ಚಾಚಾ ರೂಢಿಯಂತೆ ಕೆಮ್ಮಿದರು. ಆಮೇಲೆ ತಾವೇ ನಾಚಿಕೊಂಡರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಕಾಲೇಜಿನ ವೇದಿಕೆಯ ಮೇಲೆ ಎರಡು ಸಲ ಇಲ್ಲಿಗೇ ನಿಲ್ಲಿಸಿದ್ದೇನೆ, ಎರಡು ಸಲವೂ ಬಿದ್ದಿದೆ. ಆದರೆ ಆ ದಿನ ಮೋಟಾರಿನಲ್ಲಿ ಇದ್ದದ್ದು ಮೂವರು ಹುಡುಗಿಯರು. ಐವರು ಬರಲಿಲ್ಲ. ಅಕ್ಕೋರು ವಾರವೆಲ್ಲ ಸಂಜೆ ಆ ಐದು ಮನೆಗಳ ಬಾಗಿಲು ಬಡಿದರು. ಕೆಲವರು ನೀರು ಕೊಟ್ಟು ಕಳಿಸಿದರು, ಕೆಲವರು ಬಾಗಿಲೇ ತೆಗೆಯಲಿಲ್ಲ. ಐವರ ಓದು ಅಲ್ಲಿಗೆ ಮುಗಿಯಿತು. ನನಗೆ ಅಕ್ಕೋರು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆನೋ ಏನೋ... ಮರುವರ್ಷ ಅವರಿಗೆ ಗದ್ವಾಲಕ್ಕೆ ವರ್ಗವಾಯಿತು. ನಾನು ಒಂದು ಕಾಗದವನ್ನೂ ಬರೆಯಲಿಲ್ಲ.

ಆ ಐವರಲ್ಲಿ ಲೆಕ್ಕದಲ್ಲಿ ನನಗಿಂತ ಜಾಣೆಯಾಗಿದ್ದ ಒಬ್ಬಳು ಮಕ್ತಲದಲ್ಲಿದ್ದಾಳೆ. ರಿಕ್ಷಾದಲ್ಲಿ ಆ ವಾಸನೆ ಹಿಡಿದಂದಿನಿಂದ ಮನಸ್ಸು ತಡೆಯದೆ, ಮೊನ್ನೆ ರಜೆಗೆ ಹೋದವಳು ಅವಳ ಮನೆ ಹುಡುಕಿಕೊಂಡು ಹೋದೆ. ರೊಟ್ಟಿ ಬಡಿಯುತ್ತಿದ್ದಳು. ಅಕ್ಕೋರನ್ನು ನೋಡಲು ಗದ್ವಾಲಕ್ಕೆ ಹೋಗೋಣ ಬರ್ತೀಯಾ ಎಂದೆ.

"ಹೋದ ಬ್ಯಾಸಿಗ್ಯಾಗ ತೀರಿಕೊಂಡ್ರು," ಅಂದಳು, ಕೈ ನಿಲ್ಲಿಸದೆ. "ನಿನಗ ತಿಳಿದಿಲ್ಲೇನು? ನನಗ ಪುಸ್ತಕ ಕಳಿಸ್ತಿದ್ರು. ಲೆಕ್ಕ ಬಿಡಿಸಿ ಕಳಿಸಿದ್ರ ತಿದ್ದಿ ವಾಪಸ್ ಕಳಿಸ್ತಿದ್ರು."

ನಾನು ಕೇಳಿದೆ: "ನನ್ನ ಮ್ಯಾಲೆ ಸಿಟ್ಟಿತ್ತೇನು ಅವರಿಗೆ?"

"ಅವರಿಗೆ ಇರಲಿಲ್ಲ. ಅದು ಅವರ ಗುಣ. ನನಗ ಐತಿ. ನೀ ಸುಮ್ಮನಿದ್ದಿದ್ರ ಇನ್ನೆರಡು ವರ್ಷ ಓದತಿದ್ನಿ ನಾ." ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. "ಉಣ್ಣು. ಸಿಟ್ಟಿದ್ರ ಉಪವಾಸ ಕಳಿಸ್ತಾರೇನು?"

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಉತ್ತರ ಕಟ್ಟಿದೆ. ಪರದೆ ಹೋಗಲೇಬೇಕಿತ್ತು. ಕದ್ದು ತೆಗೆಯುವ ಒಂದೂವರೆ ಮೈಲಿಯನ್ನು ಬಿಡುಗಡೆ ಎಂದು ಕರೆಯಲು ನಾನು ತಯಾರಿಲ್ಲ. ಇದನ್ನು ಅಪ್ಪನ ಮುಂದೆ ಹೇಳಿದ್ದೇನೆ, ಯಾರ ಮುಂದೆ ನಿಲ್ಲಿಸಿದರೂ ಹೇಳುತ್ತೇನೆ. ಆದರೆ ತೆಗೆಯುವ ದಿನ ಗೊತ್ತುಮಾಡುವ ಹಕ್ಕು ಎಂಟು ಜನರದಾಗಿತ್ತು, ನಾನೊಬ್ಬಳೇ ಗೊತ್ತುಮಾಡಿದೆ. ಗೆಳತಿಯ ಸಿಟ್ಟು ನ್ಯಾಯವಾದದ್ದು. ಅದನ್ನು ಇಳಿಸಲು ನಾನು ಪ್ರಯತ್ನಿಸುವುದಿಲ್ಲ. ಎರಡು ಮಾತೂ ನಿಜ, ಒಂದರಿಂದ ಇನ್ನೊಂದು ಸೋಲುವುದಿಲ್ಲ. ಇಂಥ ಎರಡು ಮಾತು ಎದುರುಬದುರು ನಿಂತಾಗ ಏನು ಮಾಡಬೇಕೆಂದು ಅಕ್ಕೋರನ್ನು ಕೇಳಬೇಕಿತ್ತು. ಗದ್ವಾಲ ದೂರವೇನೂ ಇರಲಿಲ್ಲ. ನಾನು ಹೋಗಲಿಲ್ಲ.