ನೀರು ಕುಡಿದ ಇಲಿಯ ಪ್ಲೇಟ್‌ಲೆಟ್

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ಖಾನಾಪುರದಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಹೋಗಿ, ಔಷಧಶಾಸ್ತ್ರ ಕಲಿಸುವ ಒಂದು ಕಾಲೇಜಿನಲ್ಲಿ ಇಲಿಗಳ ಪಂಜರ ತೊಳೆಯುತ್ತಿದ್ದೆ. ಅಲ್ಲಿ ಎಲ್ಲರಿಗೂ ನಾನು ಮೌಶಿ, ಅಂದರೆ ಚಿಕ್ಕಮ್ಮ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಲ್ಲಿದ್ದವರೆಲ್ಲ ಬಹಳ ಕಲಿತವರು, ಇಲಿ ಹಿಡಿಯಲು ಮಾತ್ರ ಬರುತ್ತಿರಲಿಲ್ಲ.

ಆ ವರ್ಷ ಒಬ್ಬ ಹುಡುಗಿ ಬಿಳಿ ಇಲಿಗಳ ಮೇಲೆ ಪರೀಕ್ಷೆ ನಡೆಸಿದ್ದಳು. ಕ್ಯಾನ್ಸರಿಗೆ ಕೊಡುವ ಒಂದು ಔಷಧದಿಂದ ಮೈಯಲ್ಲಿ ಪ್ಲೇಟ್‌ಲೆಟ್ ಹುಟ್ಟುವುದು ಎಷ್ಟು ಕುಗ್ಗುತ್ತದೆ ಎಂದು ನೋಡಬೇಕಿತ್ತು. ಡೆಂಗಿ ಬಂದಾಗ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರಲ್ಲ, ಅದೇ ಪ್ಲೇಟ್‌ಲೆಟ್. ಅರ್ಧ ಇಲಿಗಳಿಗೆ ಔಷಧ, ಅರ್ಧಕ್ಕೆ ಬರೀ ನೀರು. ಬಾಲದಿಂದ ರಕ್ತ ತೆಗೆದು ಮಶೀನಿಗೆ ಹಾಕಿದರೆ ನೀರು ಕುಡಿದವೂ ಸೇರಿ ಎಲ್ಲವಕ್ಕೂ ಕಡಿಮೆ ಬಂತು. ಹುಡುಗಿ ಅಳುತ್ತ ಕೂತಳು. ಆರು ತಿಂಗಳ ಕೆಲಸ, ವಾರದೊಳಗೆ ಬರೆದು ಒಪ್ಪಿಸಬೇಕು.

ಅವಳಿಗೆ ಕಲಿಸುವ ಸರ್ ಬಂದರು. ಸೆಕೆಯಲ್ಲೂ ಟೈ ಕಟ್ಟುವ ಮನುಷ್ಯ.

“ನೀರಿನ ಇಲಿದು ನಂಬರ್ ಏರ್ಸಿ ಬರೀ. ಯಾರ್ ಕೇಳ್ತಾರ?” ಎಂದರು.

“ನೀರು ಕುಡದ್ರೂ ಇಳೀತೈತೇನ್ರಿ ಸರ್?” ಎಂದೆ ನಾನು. “ಹಂಗಾರ ನಾಳಿಂದ ನೀವೂ ನೀರು ಬಿಡ್ರಿ.”

“ಮೌಶಿ, ನೀವು ಕಸಬರಿಗಿ ಹಿಡೀರಿ.”

“ಹಿಡದೀನ್ರಿ. ನೀವೊಂದು ಇಲಿ ಹಿಡದು ತೋರಸ್ರಿ.”

ತೋರಿಸಲಿಲ್ಲ. ಟೈ ಸರಿಮಾಡಿಕೊಂಡು ಹೊರಟುಹೋದರು.

ನಾನು ಕಂಡದ್ದು ಇಷ್ಟೇ: ಹುಡುಗಿ ಅಂಜಿಕೊಂಡು ಇಲಿಯನ್ನು ಅಮುಕುತ್ತಿದ್ದಳು, ತಣ್ಣಗಿನ ಬಾಲವನ್ನು ಹಿಂಡುತ್ತಿದ್ದಳು. ರಕ್ತ ತೊಟ್ಟು ತೊಟ್ಟಾಗಿ ಬಂದು, ನಳಿಗೆಯೊಳಗೆ ಬೀಳುವಷ್ಟರಲ್ಲೇ ಗಂಟು ಕಟ್ಟುತ್ತಿತ್ತು. ಗಂಟಾದದ್ದನ್ನು ಮಶೀನು ಏನೆಂದು ಎಣಿಸೀತು?

“ಔಷಧದ್ದಲ್ಲ ತಂಗಿ, ನಿನ್ನ ಕೈದು ತಪ್ಪು,” ಎಂದೆ. ಒಂದು ನೀರಿನ ಇಲಿ, ಒಂದು ಔಷಧದ ಇಲಿ ತರಿಸಿದೆ. ಅರಿವೆಯಲ್ಲಿ ಸುತ್ತಿ ಹಗುರಾಗಿ ಹಿಡಿದು, ಬಾಲವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿಸಿದೆ. ರಕ್ತ ಸರಾಗವಾಗಿ ಬಂತು. ನೀರಿನ ಇಲಿಗೆ ಪ್ಲೇಟ್‌ಲೆಟ್ ಭರ್ತಿ ಇತ್ತು. ಔಷಧದ ಇಲಿಗೆ ನಿಜವಾಗಿಯೂ ಇಳಿದಿತ್ತು.

ಹುಡುಗಿ ಓಡಿಹೋಗಿ ಸರ್‌ಗೆ ತೋರಿಸಿದಳು. “ರಕ್ತ ತಗಿಯೂದ್ರಾಗ ಏನೋ ತಪ್ಪೈತಿ ಅಂತ ನಾ ಮೊದಲ ಅಂದಿದ್ನಲ್ಲ,” ಎಂದರಂತೆ. ಅಂದಿರಲಿಲ್ಲ. ಅಷ್ಟು ಓದಿದ ಮೇಲೆ ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ?

ಉಳಿದ ಇಲಿಗಳ ರಕ್ತವನ್ನೂ ಮತ್ತೆ ತೆಗೆಯಬೇಕಿತ್ತು. ಮರುದಿನ ಬೆಳಿಗ್ಗೆ ಮೊದಲ ರೈಲು ಹಿಡಿದು ಬಂದು, ಪಂಜರಗಳನ್ನು ತೊಳೆಯದೆ ನಾರುತ್ತಿರಲೆಂದು ಬಿಟ್ಟು, ಹುಡುಗಿಯ ಎದುರು ಕೂತು ಒಂದೊಂದೇ ಇಲಿಯನ್ನು ಹಿಡಿದುಕೊಟ್ಟೆ.